ಉತ್ತರ ಬೇಡ, ನೀನು ಬರೆದದ್ದನ್ನು ಕಳಿಸು

ಲೆಕ್ಕದ ಫೋಟೋ ಒಂದನ್ನು ವಾಟ್ಸ್‌ಆ್ಯಪ್‌ಗೆ ಹಾಕಿ ‘ಮೇಡಂ, ಇದರ ಉತ್ತರ ಕಳಿಸಿ’ ಎಂದು ಕೇಳಿದವರಿಗೆ ನಾನು ಉತ್ತರ ಕಳಿಸುವುದಿಲ್ಲ. ‘ನೀನು ಎಲ್ಲಿಯವರೆಗೆ ಬಿಡಿಸಿದ್ದೀಯೋ ಅದರ ಫೋಟೋ ಕಳಿಸು’ ಎನ್ನುತ್ತೇನೆ. ಅರ್ಧಕ್ಕೆ ನಿಂತಿದ್ದರೂ ಸರಿ, ಗೀಟು ಹಾಕಿ ಹೊಡೆದುಹಾಕಿದ್ದರೂ ಸರಿ. ಏನೂ ಬರೆದಿಲ್ಲವೆಂದರೆ, ಪ್ರಶ್ನೆಯಲ್ಲಿ ಕೊಟ್ಟಿರುವ ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದು, ಪಕ್ಕದಲ್ಲೊಂದು ಚಿತ್ರ ಎಳೆದು ಕಳಿಸಲು ಹೇಳುತ್ತೇನೆ. ಪಿಯು ವಿಜ್ಞಾನದ ಮಕ್ಕಳಿಗೆ ಮೊಬೈಲ್‌ನಲ್ಲಿ ಲೆಕ್ಕ ಹೇಳಿಕೊಡುವ ಈ ಕೆಲಸ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ, ಕಾಲೇಜುಗಳು ಮುಚ್ಚಿದ್ದಾಗ. ತೆರೆದ ಮೇಲೂ ನಿಲ್ಲಲಿಲ್ಲ. ನಾನು ಕಲಿಸುವುದು ಭೌತಶಾಸ್ತ್ರ, ಗಣಿತ ಅದರ ಬೆನ್ನಿಗೇ ಬರುತ್ತದೆ. ರಸಾಯನಶಾಸ್ತ್ರಕ್ಕೆ ಇನ್ನೊಂದು ಕಾಲೇಜಿನ ಉಪನ್ಯಾಸಕಿ, ನನ್ನ ಗೆಳತಿ, ಜೊತೆಗಿದ್ದಾರೆ.

ಬರೆದ ಹಾಳೆಯನ್ನೇ ಏಕೆ ಕೇಳುತ್ತೇನೆ ಎಂಬುದಕ್ಕೆ ಪ್ರಥಮ ಪಿಯುವಿನಲ್ಲಿ ಎಲ್ಲರೂ ಬಿಡಿಸುವ ಲೆಕ್ಕವೊಂದನ್ನು ನೋಡಿ. 25 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದಾರೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಇಟ್ಟುಕೊಂಡರೆ ಚೆಂಡು ನೆಲ ಮುಟ್ಟಲು ಎಷ್ಟು ಹೊತ್ತು? ಒಬ್ಬ ಹುಡುಗ 1 ಸೆಕೆಂಡ್ ಎಂದು ಕಳಿಸಿದ್ದ. ಪುಸ್ತಕದ ಹಿಂದೆ ಇರುವುದು 5 ಸೆಕೆಂಡ್. ಸೂತ್ರ ಸರಿ, ಸಂಖ್ಯೆಗಳು ಸರಿ, ವರ್ಗ ಸಮೀಕರಣ ಬಿಡಿಸಿದ್ದೂ ಸರಿ. ಉತ್ತರ ಮಾತ್ರ ತಪ್ಪು. ಹಾಳೆ ನೋಡಿದರೆ ಅವನು 25 = 20ಟಿ + 5ಟಿ² ಎಂದು ಬರೆದಿದ್ದ (ಟಿ ಎಂದರೆ ಸಮಯ). ಎಸೆದ ವೇಗ ಮೇಲ್ಮುಖ, ಕಟ್ಟಡದ ಎತ್ತರ ಮತ್ತು ಗುರುತ್ವ ಕೆಳಮುಖ. ಮೂರಕ್ಕೂ ಧನ ಚಿಹ್ನೆಯನ್ನೇ ಕೊಟ್ಟಿದ್ದ.

‘ಚಿಹ್ನೆ ತಪ್ಪಿದೆ’ ಎಂದು ಬರೆದು ಮುಗಿಸಬಹುದಿತ್ತು. ನಾನು ಕೇಳಿದ್ದು ಬೇರೆ: ‘ಚೆಂಡು ತುತ್ತತುದಿಗೆ ಏರಲು ಎಷ್ಟು ಹೊತ್ತು ಬೇಕು, ಲೆಕ್ಕ ಹಾಕು.’ 20ನ್ನು 10ರಿಂದ ಭಾಗಿಸಿ 2 ಸೆಕೆಂಡ್ ಎಂದ. ‘ಏರಲೇ 2 ಸೆಕೆಂಡ್ ಬೇಕಾದರೆ, 1 ಸೆಕೆಂಡಿನಲ್ಲಿ ನೆಲಕ್ಕೆ ಹೇಗೆ ಬಂತು?’ ಸ್ವಲ್ಪ ಹೊತ್ತು ಅತ್ತಲಿಂದ ಏನೂ ಬರಲಿಲ್ಲ. ಆಮೇಲೆ ಹೊಸ ಹಾಳೆಯ ಫೋಟೋ ಬಂತು. ಮೇಲ್ಮುಖದ ಬಾಣದ ಪಕ್ಕದಲ್ಲಿ ಧನ ಚಿಹ್ನೆ, ಅದರ ಕೆಳಗೆ −25 = 20ಟಿ − 5ಟಿ². ಉತ್ತರ 5 ಸೆಕೆಂಡ್. ಜೊತೆಗೆ ಬಂದ ಇನ್ನೊಂದು ಮೂಲ −1 ಅನ್ನು ಅವನು ಹೊಡೆದುಹಾಕಿದ್ದ. ಅದಕ್ಕೂ ಅರ್ಥವಿದೆ ಎಂದು ಹೇಳದೆ ಇರಲು ನನಗೆ ಆಗಲಿಲ್ಲ: ಇದೇ ಚೆಂಡನ್ನು 1 ಸೆಕೆಂಡ್ ಮೊದಲು ನೆಲದಿಂದ 30 ಮೀಟರ್ ವೇಗದಲ್ಲಿ ಎಸೆದಿದ್ದರೆ, ಸರಿಯಾಗಿ ಈ ಹೊತ್ತಿಗೆ ಅದು ಕಟ್ಟಡದ ತುದಿಯನ್ನು 20 ಮೀಟರ್ ವೇಗದಲ್ಲಿ ದಾಟುತ್ತಿತ್ತು. ಪರೀಕ್ಷೆಗೆ ಇದು ಬೇಕಿಲ್ಲ. ಆದರೆ ಗಣಿತ ಸುಮ್ಮನೆ ಸಂಖ್ಯೆಗಳನ್ನು ಉದುರಿಸುವುದಿಲ್ಲ ಎಂದು ಮಗುವಿಗೆ ಗೊತ್ತಾಗುವುದು ಇಂಥ ಕಡೆಯಲ್ಲೇ.

ಈ ಹಾಳೆ ಓದುವ ಪದ್ಧತಿ ನನ್ನಲ್ಲಿ ಗಟ್ಟಿಯಾದದ್ದು 2021ರಲ್ಲಿ ಪ್ರಥಮ ಪಿಯುಗೆ ಬಂದ ಮಕ್ಕಳಿಂದ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈನಲ್ಲಿ, ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿದಿತ್ತು. ಉತ್ತರ ಗುರುತಿಸುವುದು ಅವರಿಗೆ ಬರುತ್ತಿತ್ತು, ಹಂತ ಹಂತವಾಗಿ ಬರೆಯುವುದು ತಪ್ಪಿಹೋಗಿತ್ತು. ಸಿಇಟಿಯೂ ಅದೇ ದಿಕ್ಕಿಗೆ ಎಳೆಯುತ್ತದೆ: ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಡ್ಡದಾರಿಯ ಸೂತ್ರ ಬೇಕು ಎಂದು ಕೇಳುವ ಮಕ್ಕಳನ್ನು ನಾನು ಬೈಯುವುದಿಲ್ಲ. ಉದ್ದದ ದಾರಿಯಲ್ಲಿ ಒಮ್ಮೆ ನಡೆದು ಬಂದು ತೋರಿಸಿದರೆ ಅಡ್ಡದಾರಿಯನ್ನೂ ಹೇಳಿಕೊಡುತ್ತೇನೆ.

ರಸಾಯನಶಾಸ್ತ್ರದಲ್ಲಿ ಮೋಲ್, ಅಂದರೆ ಅಣುಗಳನ್ನು ಎಣಿಸುವ ಏಕಮಾನ, ಎಂಬ ಪರಿಕಲ್ಪನೆಯೇ ಮೊದಲ ಗಂಡಾಂತರ. 28 ಗ್ರಾಂ ನೈಟ್ರೋಜನ್, 5 ಗ್ರಾಂ ಹೈಡ್ರೋಜನ್ ಸೇರಿಸಿದರೆ ಎಷ್ಟು ಅಮೋನಿಯಾ ಸಿಗಬಹುದು ಎಂಬ ಲೆಕ್ಕಕ್ಕೆ ಒಬ್ಬಳು 34 ಗ್ರಾಂ ಎಂದು ಬರೆದಿದ್ದಳು. ಗೆಳತಿ ಕೊಟ್ಟ ಉತ್ತರ ಒಂದೇ ಸಾಲಿನದು: ‘ಪಾತ್ರೆಗೆ ಒಟ್ಟು ಎಷ್ಟು ಹಾಕಿದೆ ಪುಟ್ಟಿ?’ ಹಾಕಿದ್ದೇ 33 ಗ್ರಾಂ. ಅಲ್ಲಿಂದ ಆ ಹುಡುಗಿ ತಾನೇ ಹಿಂದಕ್ಕೆ ಹೋಗಿ, ಹೈಡ್ರೋಜನ್ ಅಣುವಿನ ಮೋಲ್ ರಾಶಿ 2 ಗ್ರಾಂ ಎನ್ನುವಲ್ಲಿ 1 ಗ್ರಾಂ ಎಂದು ಹಿಡಿದದ್ದನ್ನು ಕಂಡುಕೊಂಡಳು. 5 ಗ್ರಾಂ ಎಂದರೆ ಎರಡೂವರೆ ಮೋಲ್. ಒಂದು ಮೋಲ್ ನೈಟ್ರೋಜನ್‌ಗೆ ಮೂರು ಮೋಲ್ ಬೇಕು. ಮೊದಲು ಮುಗಿದುಹೋಗುವುದು ಹೈಡ್ರೋಜನ್, ಹಾಗಾಗಿ ಅಮೋನಿಯಾ ಸುಮಾರು 28.3 ಗ್ರಾಂ. ಇಡೀ ಲೆಕ್ಕವನ್ನು ಬಿಡಿಸಿ ಕಳಿಸಿದ್ದರೆ ಅವಳು ಅದನ್ನು ನಕಲು ಮಾಡಿ ಮಲಗುತ್ತಿದ್ದಳು. ಹಾಕಿದ್ದಕ್ಕಿಂತ ಹೆಚ್ಚು ತೂಕ ಹೊರಬರುವುದಿಲ್ಲ ಎಂಬುದನ್ನು ಮುಂದಿನ ಲೆಕ್ಕಕ್ಕೆ ಒಯ್ಯುತ್ತಿರಲಿಲ್ಲ.

ಗಣಿತದಲ್ಲಿ ನಾನು ಮೊದಲು ಹುಡುಕುವುದು ಎರಡೂ ಕಡೆಯಿಂದ ಏನನ್ನಾದರೂ ಹೊಡೆದುಹಾಕಿದ ಜಾಗವನ್ನು. ಎಕ್ಸ್² = 5ಎಕ್ಸ್ ಎಂಬಲ್ಲಿ ಎಕ್ಸ್‌ನಿಂದ ಭಾಗಿಸಿ 5 ಎಂದು ಬರೆದವರು ಸೊನ್ನೆಯನ್ನು ಕಳೆದುಕೊಂಡಿರುತ್ತಾರೆ. ತ್ರಿಕೋನಮಿತಿಯ ಸಮೀಕರಣಗಳಲ್ಲಿ ಸೈನ್ ಎಕ್ಸ್ ಅನ್ನು ಎರಡೂ ಕಡೆ ಹೊಡೆದಾಗಲೂ ಇದೇ ಕಥೆ.

ನಾನೂ ಕೇಳುವವಳೇ. ಉಷ್ಣಬಲವಿಜ್ಞಾನದ ಮೊದಲ ನಿಯಮವನ್ನು ಮಕ್ಕಳು ಎರಡು ಪುಸ್ತಕಗಳಲ್ಲಿ ಎರಡು ರೂಪದಲ್ಲಿ ಓದುತ್ತಾರೆ. ಭೌತಶಾಸ್ತ್ರದ ಪುಸ್ತಕದಲ್ಲಿ ಅನಿಲ ತಾನು ಮಾಡಿದ ಕೆಲಸ ಧನ, ರಸಾಯನಶಾಸ್ತ್ರದ ಪುಸ್ತಕದಲ್ಲಿ ಅನಿಲದ ಮೇಲೆ ಹೊರಗಿನಿಂದ ನಡೆದ ಕೆಲಸ ಧನ. ರಸಾಯನಶಾಸ್ತ್ರದ ಇಂಥದೊಂದು ಲೆಕ್ಕ ನನ್ನ ಬಳಿ ಬಂದಾಗ ನಾನು ಬಿಡಿಸಿದ ಹಾಳೆಯನ್ನೇ ಗೆಳತಿಗೆ ಕಳಿಸಿ, ‘ಮೂರನೇ ಸಾಲಿನಲ್ಲಿ ಕೆಲಸದ ಚಿಹ್ನೆಯನ್ನು ನಿಮ್ಮ ತರಗತಿಯಲ್ಲಿ ಹೀಗೇ ಹಾಕಿಸುತ್ತೀರಾ?’ ಎಂದು ಕೇಳಿದೆ. ಅವರ ಸಲಹೆಯಂತೆ ಈಗ ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸುತ್ತೇವೆ. 100 ಜೂಲ್ ಶಾಖ ಒಳಗೆ ಹೋಗಿದೆ, ಅನಿಲ ಹಿಗ್ಗಿ 40 ಜೂಲ್ ಕೆಲಸ ಮಾಡಿದೆ. ಒಂದು ಕಡೆ ಕೆಲಸ +40, ಇನ್ನೊಂದು ಕಡೆ −40, ಆಂತರಿಕ ಶಕ್ತಿಯ ಏರಿಕೆ ಎರಡರಲ್ಲೂ 60. ಯಾವ ಪುಸ್ತಕದ ಲೆಕ್ಕ ಎಂದು ಮೇಲೆ ಬರೆದುಕೊಂಡರೆ ಗೊಂದಲವೇ ಇಲ್ಲ. ನಾನು ‘ಈ ಅಧ್ಯಾಯ ಅರ್ಥವಾಗಲಿಲ್ಲ, ಹೇಳಿ’ ಎಂದಿದ್ದರೆ ಗೆಳತಿಗೆ ಒಂದು ಗಂಟೆ ಬೇಕಾಗುತ್ತಿತ್ತು. ಸಾಲು ತೋರಿಸಿ ಕೇಳಿದ್ದರಿಂದ ಅಡುಗೆಯ ನಡುವೆಯೇ ಉತ್ತರಿಸಿದರು. ಮಕ್ಕಳಿಗೂ ಇದನ್ನೇ ಹೇಳುತ್ತೇನೆ: ಪ್ರಶ್ನೆಯನ್ನು ಪೂರ್ತಿ ಕಳಿಸಿ, ನೀವು ಬರೆದದ್ದನ್ನು ಕಳಿಸಿ, ನಿಂತ ಸಾಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಪ್ರಶ್ನೆಯ ಕೊನೆಯ ಸಾಲು ಫೋಟೋದಿಂದ ಹೊರಗೆ ಉಳಿದರೆ ಅರ್ಧ ಸಂಜೆ ಅದರಲ್ಲೇ ಹೋಗುತ್ತದೆ.

ಹಳ್ಳಿಯ ಎಷ್ಟೋ ಮಕ್ಕಳಿಗೆ ಸ್ವಂತ ಮೊಬೈಲ್ ಇಲ್ಲ. ಅಪ್ಪ ಕೆಲಸದಿಂದ ಬಂದ ಮೇಲೆ ಫೋನ್ ಕೈಗೆ ಸಿಗುತ್ತದೆ. ಆದ್ದರಿಂದ ನಾನು ವಿಡಿಯೊ ಕಳಿಸುವುದಿಲ್ಲ. ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಎರಡು ಸಾಲು ಬರೆದು ಫೋಟೋ, ಅದರ ಜೊತೆ ಒಂದು ಸಣ್ಣ ಧ್ವನಿ ಸಂದೇಶ. ಡೇಟಾ ಕಡಿಮೆ ಸಾಕು, ಫೋನ್ ಕೈಗೆ ಬಂದಾಗ ಎಷ್ಟು ಬಾರಿ ಬೇಕಾದರೂ ಕೇಳಿಕೊಳ್ಳಬಹುದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕನ್ನಡದಲ್ಲೇ ಕೇಳುತ್ತಾರೆ, ಕನ್ನಡದಲ್ಲೇ ಹೇಳುತ್ತೇನೆ.

ಕೆಲವು ಫೋಟೋಗಳಿಗೆ ನಾನು ಕೈ ಹಾಕುವುದಿಲ್ಲ. ಕಾಲೇಜಿನ ಕಿರುಪರೀಕ್ಷೆ ನಡೆಯುವ ಹೊತ್ತಿನಲ್ಲಿ ಬಂದ ಪ್ರಶ್ನೆಯನ್ನು ಸಂಜೆಯವರೆಗೆ ತೆರೆಯುವುದೇ ಇಲ್ಲ. ಈಚೆಗೆ ಚಾಟ್‌ಜಿಪಿಟಿಯಂಥವು ಬಿಡಿಸಿಕೊಟ್ಟ ಲೆಕ್ಕವನ್ನೇ ಕಳಿಸಿ ‘ಇದು ಸರಿಯೇ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅದಕ್ಕೆ ಬೇಸರವಿಲ್ಲ, ಸಂದೇಹ ಪಡುವುದು ಒಳ್ಳೆಯದೇ. ಅದಕ್ಕೂ ಅದೇ ಪ್ರಶ್ನೆಗಳು: ಏಕಮಾನ ಹೊಂದುತ್ತದೆಯೇ? ಹಾಕಿದ ತೂಕ, ಬಂದ ತೂಕ ಎಷ್ಟು? ಚೆಂಡು ಏರುವ ಮೊದಲೇ ಇಳಿದಿದೆಯೇ? ಸಾಲು ಸಾಲಾಗಿ ಓದಿ, ಯಾವ ಸಾಲು ಏಕೆ ಬಂತೆಂದು ಹೇಳಲಾಗದೋ ಅದಕ್ಕೆ ಸುತ್ತು ಹಾಕಿ ಕಳಿಸಬೇಕು.

ಈಗ ಗುಂಪಿನಲ್ಲಿ ಪ್ರಥಮ ಪಿಯು ಮಕ್ಕಳ ಪ್ರಶ್ನೆಗಳಿಗೆ ಮೊದಲು ಉತ್ತರಿಸುವವರು ದ್ವಿತೀಯ ಪಿಯುವಿನವರು. ‘ಅಕ್ಕಾ, ಇಲ್ಲಿ ನಿಂತೆ’ ಎಂದು ಒಬ್ಬ ಬರೆದರೆ, ‘ನಿನ್ನ ಚಿತ್ರ ಎಲ್ಲಿ?’ ಎಂದು ಅವಳು ಕೇಳುತ್ತಾಳೆ. ನಾನು ಓದುತ್ತಿರುತ್ತೇನೆ, ದಾರಿ ತಪ್ಪಿದಾಗ ಮಾತ್ರ ನಡುವೆ ಬರುತ್ತೇನೆ. ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳು ಮಾತ್ರ ಇಂದಿಗೂ ನೇರವಾಗಿ ಗೆಳತಿಗೇ ಹೋಗುತ್ತವೆ.