ಫ್ರೇಮ್ ಒಳಗೆ ಯೂಸರ್ ಸ್ಕ್ರಿಪ್ಟ್ ಓಡುತ್ತಿಲ್ಲವೇ? ಮೊದಲು ವಿಳಾಸ ನೋಡಿ

ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಅಕ್ಷರ ದೊಡ್ಡದಾಗಿ ಕಾಣಲಿ ಅಂತ ಟ್ಯಾಂಪರ್‌ಮಂಕಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಹಾಕಿದ್ದೆ. ನಾವು ತೆರೆಯುವ ಪುಟಗಳ ಮೇಲೆ ಇಂಥ ಸ್ವಂತ ಸ್ಕ್ರಿಪ್ಟ್ (ಯೂಸರ್ ಸ್ಕ್ರಿಪ್ಟ್) ಓಡಿಸುವ ಬ್ರೌಸರ್ ಎಕ್ಸ್‌ಟೆನ್ಶನ್ ಅದು. ಹತ್ತೇ ಸಾಲು. ಅವರು ದಿನಾ ಓದುವ ಒಂದು ತಾಣದಲ್ಲಿ ತಲೆಬರಹ, ಮೆನು ಎಲ್ಲ ದೊಡ್ಡದಾದವು. ನಡುವಿನ ಲೇಖನ ಮಾತ್ರ ಇರುವೆ ಸಾಲಿನಂತೆ ಹಾಗೇ ಉಳಿಯಿತು. ‘ನಾನು ಓದೋದೇ ಅದನ್ನ ಅಲ್ವಾ?’ ಅಂದರು ಅಮ್ಮ. ಆ ಲೇಖನ ಇದ್ದದ್ದು ಐಫ್ರೇಮ್ ಒಳಗೆ.

ಐಫ್ರೇಮ್ ಅಂದರೆ ಪುಟದೊಳಗೆ ಕೂರಿಸಿದ ಇನ್ನೊಂದು ಪುಟ. ಅದಕ್ಕೆ ಅದರದ್ದೇ ವಿಳಾಸ, ಅದರದ್ದೇ ಡಾಕ್ಯುಮೆಂಟ್. ಬೇರೆ ತಾಣಗಳಲ್ಲಿ ಕಾಣುವ ಯೂಟ್ಯೂಬ್ ವಿಡಿಯೊ, ಗೂಗಲ್ ಮ್ಯಾಪ್ ಸಾಮಾನ್ಯವಾಗಿ ಹೀಗೇ ಬರುತ್ತವೆ. ಹೊರಪುಟದಲ್ಲಿ ನಿಂತು ಸುಮ್ಮನೆ ಹುಡುಕಿದರೆ ಒಳಗಿನ ಪ್ಯಾರಾ ನಿಮ್ಮ ಸ್ಕ್ರಿಪ್ಟಿಗೆ ಸಿಗುವುದಿಲ್ಲ.

ಸ್ಕ್ರಿಪ್ಟ್ ಎಲ್ಲೂ ಓಡುತ್ತಿಲ್ಲ ಅಂದರೆ ಅದು ಫ್ರೇಮಿನ ತೊಂದರೆಯಲ್ಲ. ಹೊಸ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ನ ವಿವರ ಪುಟಕ್ಕೆ ಹೋಗಿ ‘ಅಲೋ ಯೂಸರ್ ಸ್ಕ್ರಿಪ್ಟ್ಸ್’ ಆನ್ ಮಾಡಿ.

ಈಗ ಫ್ರೇಮ್ ಇರುವುದನ್ನು ಖಚಿತ ಮಾಡಿಕೊಳ್ಳಿ. ಕೈಕೊಡುತ್ತಿರುವ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ‘ದಿಸ್ ಫ್ರೇಮ್’, ಕ್ರೋಮ್‌ನಲ್ಲಿ ‘ವ್ಯೂ ಫ್ರೇಮ್ ಸೋರ್ಸ್’ ಕಂಡರೆ ಅದು ಫ್ರೇಮೇ. ನಂತರ ಎಫ್12 ಒತ್ತಿ ಕನ್ಸೋಲ್ (ಪುಟಕ್ಕೆ ಆದೇಶ ಬರೆದು ಉತ್ತರ ನೋಡುವ ಜಾಗ) ತೆರೆಯಿರಿ. ಕ್ರೋಮ್‌ನಲ್ಲಿ ‘ಟಾಪ್’ ಎಂದಿರುವ ಪಟ್ಟಿ ಇಳಿಸಿ, ಆ ಫ್ರೇಮ್ ಆರಿಸಿ, ಲೊಕೇಶನ್.ಎಚ್‌ರೆಫ್ ಅಂತ (ಇಂಗ್ಲಿಷ್ ಅಕ್ಷರದಲ್ಲೇ) ಕೊಡಿ. ಬರುವುದೇ ಫ್ರೇಮಿನ ನಿಜವಾದ ವಿಳಾಸ. ಐಫ್ರೇಮ್ ಟ್ಯಾಗಿನಲ್ಲಿ ಬರೆದಿರುವ ವಿಳಾಸವನ್ನೇ ನಂಬಬೇಡಿ, ಅದು ರೀಡೈರೆಕ್ಟ್ ಆಗಿ ಬೇರೆಲ್ಲೋ ಹೋಗಿರಬಹುದು.

ಆ ವಿಳಾಸವನ್ನು ಸ್ಕ್ರಿಪ್ಟಿನ ತಲೆಯಲ್ಲಿರುವ @ಮ್ಯಾಚ್ ಸಾಲಿನ ಜೊತೆ ಹೋಲಿಸಿ. ಸ್ಕ್ರಿಪ್ಟ್ ಯಾವ ವಿಳಾಸಗಳಲ್ಲಿ ಓಡಬೇಕು ಅಂತ ಹೇಳುವುದು ಆ ಸಾಲೇ. ನಾನು ಎಡವಿದ್ದು ಇಲ್ಲೇ. ಫ್ರೇಮಿನೊಳಗೆ ಓಡಬೇಕಾದರೆ ಫ್ರೇಮಿನ ವಿಳಾಸವೇ ಹೊಂದಬೇಕು, ಹೊರಪುಟದ್ದು ಹೊಂದಿದರೆ ಸಾಲದು. ಆ ವಿಳಾಸಕ್ಕೆ ಇನ್ನೊಂದು @ಮ್ಯಾಚ್ ಸಾಲು ಸೇರಿಸಿ. ಫ್ರೇಮುಗಳಲ್ಲಿ ಓಡಬೇಡ ಎನ್ನುವ @ನೋಫ್ರೇಮ್ಸ್ ಸಾಲಿದ್ದರೆ ತೆಗೆಯಿರಿ. ಟ್ಯಾಂಪರ್‌ಮಂಕಿಯಲ್ಲಿ ಆ ಸ್ಕ್ರಿಪ್ಟಿನ ಸೆಟ್ಟಿಂಗ್ಸ್‌ಗೂ ಹೋಗಿ ‘ಮೇಲಿನ ಫ್ರೇಮಿನಲ್ಲಿ ಮಾತ್ರ’ ಎಂಬ ಆಯ್ಕೆ ಆನ್ ಆಗಿದೆಯಾ ನೋಡಿ. ಸುಮ್ನೆ @ಮ್ಯಾಚ್‌ನಲ್ಲಿ ಎಲ್ಲ ತಾಣಕ್ಕೂ ಹೊಂದುವ ಹಾಗೆ ನಕ್ಷತ್ರ (*) ಹಾಕಿಬಿಡಬೇಡಿ. ಜಾಹೀರಾತಿನ ಫ್ರೇಮು, ಹಣ ಕಟ್ಟುವ ಫ್ರೇಮು ಎಲ್ಲದರೊಳಗೂ ನಿಮ್ಮ ಸ್ಕ್ರಿಪ್ಟ್ ನುಗ್ಗುತ್ತದೆ.

ಇಷ್ಟಾದ ಮೇಲೆ ಸ್ಕ್ರಿಪ್ಟ್ ಹೊರಗೊಮ್ಮೆ, ಹೊಂದಿಕೆಯಾದ ಪ್ರತಿ ಫ್ರೇಮಿನಲ್ಲೂ ಒಮ್ಮೆ ಓಡುತ್ತದೆ. ಒಂದು ಬಟನ್ ಇರಬೇಕಾದ ಕಡೆ ಮೂರು ಕಂಡರೆ ಕಾರಣ ಇದೇ. ವಿಂಡೋ.ಸೆಲ್ಫ್ ಮತ್ತು ವಿಂಡೋ.ಟಾಪ್ ಒಂದೇ ಆಗಿದ್ದರೆ ನೀವು ಹೊರಪುಟದಲ್ಲಿದ್ದೀರಿ, ಬೇರೆಯಾಗಿದ್ದರೆ ಫ್ರೇಮಿನಲ್ಲಿ. ಮೊದಲ ಸಾಲಿನಲ್ಲೇ ವಿಳಾಸವನ್ನು ಕನ್ಸೋಲ್‌ಗೆ ಬರೆಸಿಕೊಳ್ಳಿ. ಸ್ಕ್ರಿಪ್ಟ್ ಎಲ್ಲೆಲ್ಲಿ ಓಡಿತು ಅಂತ ಊಹಿಸುತ್ತಾ ಕೂರಬೇಕಿಲ್ಲ.

ಹೊರಗಿನಿಂದಲೇ ಒಳಗೆ ಕೈಹಾಕಬಹುದಾ? ಪ್ರೋಟೋಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಇದ್ದರೆ ಐಫ್ರೇಮ್‌ನ ಒಳಪುಟವನ್ನು ಕೊಡುವ ಕಂಟೆಂಟ್‌ಡಾಕ್ಯುಮೆಂಟ್ ಮೂಲಕ ಆಗುತ್ತದೆ. ಬೇರೆಯಿದ್ದರೆ ಬ್ರೌಸರ್ ‘ನಲ್’ (ಏನೂ ಇಲ್ಲ) ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಅದು ನಮ್ಮ ಸುರಕ್ಷತೆಗೇ ಇರುವ ಗೋಡೆ, ಒಡೆಯಲು ಹೋಗಬೇಡಿ. ಎರಡೂ ಕಡೆ ಸ್ಕ್ರಿಪ್ಟ್ ಓಡಿಸಿ, ಪುಟಗಳ ನಡುವೆ ಸಂದೇಶ ಕಳಿಸುವ ಪೋಸ್ಟ್‌ಮೆಸೇಜ್‌ನಿಂದ ಮಾತಾಡಿಸಿ. ಬಂದ ಸಂದೇಶ ಯಾವ ತಾಣದ್ದು ಅಂತ ಪ್ರತಿ ಸಲವೂ ಪರೀಕ್ಷಿಸಿ.

ಉಳಿದದ್ದು ಸಮಯದ ತೊಡಕು. ಫ್ರೇಮ್ ಮೊದಲು ಬಂದು, ಅದರೊಳಗಿನ ಬರಹ ಎರಡು ಕ್ಷಣ ಬಿಟ್ಟು ಬರುವುದುಂಟು. ಅಮ್ಮನ ತಾಣದಲ್ಲಿ ಆಗಿದ್ದೂ ಅದೇ. ವಿಳಾಸ ಸರಿಹೋದರೂ ಅಕ್ಷರ ದೊಡ್ಡದಾಗಲಿಲ್ಲ. ನನ್ನ ಸ್ಕ್ರಿಪ್ಟ್ ಪ್ಯಾರಾಗಳನ್ನು ಹುಡುಕಿ ಒಂದೊಂದರ ಗಾತ್ರ ಬದಲಿಸುತ್ತಿತ್ತು, ಆದರೆ ಅದು ಹುಡುಕುವಾಗ ಪ್ಯಾರಾಗಳೇ ಬಂದಿರಲಿಲ್ಲ. ಇಂಥ ಕಡೆ ಪುಟ ಬದಲಾದಾಗ ತಿಳಿಸುವ ಮ್ಯುಟೇಶನ್ ಅಬ್ಸರ್ವರ್ ಹಾಕಿ ಕಾಯಬಹುದು. ನನಗೆ ಅಷ್ಟೂ ಬೇಕಾಗಲಿಲ್ಲ. ಹುಡುಕುವುದನ್ನೇ ಬಿಟ್ಟು, ಪ್ಯಾರಾ ಅಕ್ಷರ 22 ಪಿಕ್ಸೆಲ್ ಇರಲಿ ಅಂತ ಒಂದು ಸ್ಟೈಲ್ ನಿಯಮ ಸೇರಿಸಿದೆ. ನಿಯಮ ಒಮ್ಮೆ ಕೂತರೆ ತಡವಾಗಿ ಬರುವ ಪ್ಯಾರಾಕ್ಕೂ ಅನ್ವಯಿಸುತ್ತದೆ.