ನಿಮ್ಮ ಬಾಲ್ಯ ಬಲ್ಲವರು ಯಾರಿದ್ದಾರೆ?

ಡೊಂಬಿವಲಿಯಲ್ಲಿ ನಮ್ಮೂರ ಕಡೆಯವರ ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಜಿಎಸ್‌ಟಿ ತೆರಿಗೆಯ ವಿವರಪತ್ರಗಳಲ್ಲಿ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಗಿರಾಕಿಗಳ ತಾರೀಖು ತಪ್ಪಿಸದ ನಾನು ಸ್ವಂತ ಮನೆಯ ವಿದ್ಯುತ್ ಬಿಲ್ಲು ಕಟ್ಟದೆ ಕತ್ತಲಲ್ಲಿ ಕೂತದ್ದುಂಟು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ ಇರಬಹುದು ಎಂದವರು ನಮ್ಮ ಕುಟುಂಬದ ವೈದ್ಯರು. ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಿದ್ದೆಯ ಬಗ್ಗೆ ವಿಚಾರಿಸಿದರು. ಯಾರ ಬಳಿಗೆ ಹೋಗಬೇಕೆಂಬುದನ್ನು ನಾನೇ ಹುಡುಕಬೇಕಾಯಿತು.

ಮುಂಬಯಿಯಲ್ಲಿ ಫಲಕಗಳಿಗೆ ಬರವಿಲ್ಲ: ಕೌನ್ಸೆಲರ್, ಲೈಫ್ ಕೋಚ್, ಥೆರಪಿಸ್ಟ್. ಮಾತ್ರೆ ಬರೆಯಬಲ್ಲವರು ಮನೋವೈದ್ಯರು. ಪರೀಕ್ಷೆ, ಥೆರಪಿ ಎರಡನ್ನೂ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿಯಲ್ಲಿರಬೇಕು. ಆ ಸಂಖ್ಯೆಯನ್ನು ಕೇಳಲು ನನಗೆ ಸಂಕೋಚವಾಗಲಿಲ್ಲ. ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲನ್ನು ನಾನು ಪಕ್ಕಕ್ಕಿಡುವವನು.

ಫೋನಿನಲ್ಲಿ ಎಲ್ಲರಿಗೂ ಕೇಳಿದ್ದು ಒಂದೇ: ದೊಡ್ಡವರ ಎಡಿಎಚ್‌ಡಿಯನ್ನು ಹೇಗೆ ಗುರುತಿಸುತ್ತೀರಿ? ‘ಡಿಗ್ರಿ ಮುಗಿಸಿದ್ದೀರಲ್ಲ, ನಿಮಗೆಲ್ಲಿಯ ಎಡಿಎಚ್‌ಡಿ’ ಎಂದು ಒಬ್ಬರು ನಕ್ಕರು. ಇನ್ನೊಬ್ಬರು ಪ್ರಶ್ನಾವಳಿ ತುಂಬಿ ಕಳಿಸಿದರೆ ಸಂಜೆಗೆ ವರದಿ ಕೊಡುತ್ತೇನೆಂದರು. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿಯೊಂದಿದೆ, ನಾನೂ ತುಂಬಿದ್ದೆ; ಅದು ಅನುಮಾನವನ್ನು ಗಟ್ಟಿ ಮಾಡುವುದಕ್ಕೆ ಸಾಕು, ನಿರ್ಣಯಕ್ಕೆ ಸಾಲದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ, ಶಾಲೆ, ಕಚೇರಿಯಂತಹ ಒಂದಕ್ಕಿಂತ ಹೆಚ್ಚು ಕಡೆ ಕಾಣಲೂ ಬೇಕು. ಠಾಣೆಯ ಸೈಕಾಲಜಿಸ್ಟ್ ಒಬ್ಬರು ಮಾತ್ರ ನನ್ನನ್ನೇ ತಿರುಗಿ ಕೇಳಿದರು: ‘ನಿಮ್ಮ ಬಾಲ್ಯ ಬಲ್ಲವರು ಯಾರಿದ್ದಾರೆ? ಶಾಲೆಯ ಪ್ರಗತಿಪತ್ರ ಉಳಿದಿದೆಯೇ?’ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿದೆ.

ಬಾಲ್ಯ ಬಲ್ಲ ಅಮ್ಮ ಇರುವುದು ಕುಂದಾಪುರದಲ್ಲಿ. ಅವರಿಗೆ ಹಿಂದಿ ಬಾರದು, ಮರಾಠಿಯಂತೂ ದೂರ. ನೀವೇ ಅನುವಾದಿಸುವುದು ಬೇಡ, ನಿಮಗೆ ಬೇಕಾದಂತೆ ಹೇಳಿಬಿಡುತ್ತೀರಿ ಎಂದರು ಸೈಕಾಲಜಿಸ್ಟ್. ಹಾಗಾಗಿ ವಿಡಿಯೊ ಕರೆಯಲ್ಲಿ ಅಮ್ಮ, ನಡುವೆ ದುಭಾಷಿಯಾಗಿ ಮುಲುಂಡಿನ ಅಕ್ಕ, ಹೊರಗಿನ ಬೆಂಚಿನಲ್ಲಿ ನಾನು. ಬಾಗಿಲಾಚೆಗೂ ಅಮ್ಮನ ದನಿ ಕೇಳುತ್ತಿತ್ತು: ‘ಸಕ್ಕರೆ ತಾ ಎಂದರೆ ಚೀಲ, ದುಡ್ಡು ಎರಡನ್ನೂ ಅಂಗಡಿಯಲ್ಲಿ ಬಿಟ್ಟು ಆಟ ನೋಡಲು ಹೋಗುತ್ತಿದ್ದ, ಡಾಕ್ಟರೇ. ಆದರೆ ಜಾಣ.’ ಪ್ರತಿ ದೂರಿನ ಕೊನೆಗೂ ಒಂದು ‘ಆದರೆ ಜಾಣ’. ಅಕ್ಕ ಅನುವಾದದ ಜೊತೆಗೆ ತನ್ನ ದೂರುಗಳನ್ನೂ ಸೇರಿಸಿದಳೆಂದು ಆಮೇಲೆ ತಿಳಿಯಿತು. ಓದಿನಲ್ಲಿ ಚುರುಕಾಗಿರುವ ಮಕ್ಕಳಲ್ಲಿ ಈ ತೊಂದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು ಎಂದು ಸೈಕಾಲಜಿಸ್ಟ್ ವಿವರಿಸಿದರು. ಆತಂಕ, ಖಿನ್ನತೆಯ ಬಗ್ಗೆಯೂ ಕೇಳಿ ತಿಳಿದುಕೊಂಡ ಮೇಲೆಯೇ ವರದಿ ಬರೆದರು.

ಥೆರಪಿ ಎಂದರೆ ಸೋಫಾದ ಮೇಲೆ ಮಲಗಿ ಮನಸ್ಸು ಬಿಚ್ಚುವುದು ಎಂದುಕೊಂಡವರಿಗೆ ನಿರಾಸೆಯಾದೀತು. ನಮ್ಮ ಮಾತೆಲ್ಲ ಬಿಲ್ಲು, ಬೀಗದ ಕೈ, ಅರ್ಧಕ್ಕೆ ನಿಂತ ಕಡತಗಳ ಸುತ್ತವೇ. ಗಿರಾಕಿಗಳ ಕೆಲಸ ಏಕೆ ತಪ್ಪುವುದಿಲ್ಲ? ತಾರೀಖಿದೆ, ದಂಡವಿದೆ, ಫೋನು ಮಾಡಿ ಗದರುವವರಿದ್ದಾರೆ. ಸ್ವಂತ ಕೆಲಸಕ್ಕೂ ಅಂಥದ್ದೊಂದು ಏರ್ಪಾಡು ಬೇಕೆಂದರು ಸೈಕಾಲಜಿಸ್ಟ್. ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೂ ಅಕ್ಕನೂ ವಿಡಿಯೊ ಕರೆಯಲ್ಲಿ ಕೂತು ಅವರವರ ಮನೆಯ ಬಿಲ್ಲು ಕಟ್ಟುತ್ತೇವೆ. ಹೆಚ್ಚು ಮಾತಿಲ್ಲ. ನನ್ನ ಮಟ್ಟಿಗೆ ದುಬಾರಿ ಪ್ಲಾನರ್ ಪುಸ್ತಕಗಳಿಗಿಂತ ಇದೇ ವಾಸಿ.

ಮಾತ್ರೆಗೆ ಬೇರೆಯಾಗಿ ಮನೋವೈದ್ಯರನ್ನು ಕಂಡೆ. ಅವರು ರಕ್ತದೊತ್ತಡ ನೋಡಿ ಮೀಥೈಲ್‌ಫೆನಿಡೇಟ್ ಬರೆದರು. ಅದು ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮಗಳಿರುವ ಪಟ್ಟಿಯದು; ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ನಮ್ಮ ಬೀದಿಯ ಮೆಡಿಕಲ್‌ನಲ್ಲಿ ಸಿಗಲಿಲ್ಲ. ಎಲ್ಲಿ ಸಿಗುತ್ತದೆಂದು ವೈದ್ಯರನ್ನೇ ಕೇಳಿಕೊಂಡು ಹೊರಡುವುದು ಒಳ್ಳೆಯದು.

ಖಾಸಗಿ ಶುಲ್ಕ ಭಾರವೆನಿಸುವವರಿಗೆ ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಮೂರೂ ಪಾಲಿಕೆಯ ಆಸ್ಪತ್ರೆಗಳು, ಖರ್ಚು ಕಡಿಮೆ. ಬೆಳಿಗ್ಗೆ ಬೇಗ ಹೋಗಬೇಕು. ಕನ್ನಡದಲ್ಲೇ ಮಾತಾಡಬೇಕೆನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಭಾಷೆ ಆರಿಸಿಕೊಳ್ಳಬಹುದು. ಶುಲ್ಕವಿಲ್ಲ.