ಹಣಕಾಸು ಸಚಿವರ ಉತ್ತರ ಓದುವುದು ಹೀಗೆ

ಬಜೆಟ್ ದಿನ ಎಲ್ಲರೂ ಟಿವಿ ಮುಂದೆ ಕೂರುತ್ತಾರೆ. ನಾನು ಕಾಯುವುದು ಅದರ ನಂತರ ಬರುವ ಸೋಮವಾರಗಳಿಗೆ. ಈಗಿನ ಕ್ರಮದಲ್ಲಿ ಲೋಕಸಭೆಯಲ್ಲಿ ಹಣಕಾಸು ಇಲಾಖೆಯ ಪ್ರಶ್ನೆಗಳ ದಿನ ಸೋಮವಾರ, ರಾಜ್ಯಸಭೆಯಲ್ಲಿ ಮಂಗಳವಾರ. ಬಜೆಟ್ ಭಾಷಣದಲ್ಲಿ ಸಚಿವರು ತಮಗೆ ಹೇಳಬೇಕು ಅನಿಸಿದ್ದನ್ನು ಹೇಳುತ್ತಾರೆ. ಪ್ರಶ್ನೆಯ ದಿನ ಹಾಗಲ್ಲ, ಬೇರೆಯವರು, ಅಂದರೆ ಸಂಸದರು, ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು.

ಮುಂಬೈಯ ಮಾಟುಂಗಾದಿಂದ ಡೊಂಬಿವಿಲಿವರೆಗೆ ಸಣ್ಣ ಹೋಟೆಲುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಊರು ಕುಂದಾಪುರದ ಕಡೆ. ಜಿಎಸ್‌ಟಿ ರಿಟರ್ನ್ ತುಂಬಲು ಕೂತಾಗೆಲ್ಲ ಮಾಲೀಕರಿಂದ ಒಂದೇ ಮಾತು ಬರುತ್ತದೆ: "ಎಂತ ಅಕ್ಕಾ, ಇಷ್ಟೆಲ್ಲ ಕಟ್ಟುದು, ಎಲ್ಲಿಗೆ ಹೋಗ್ತದೆ ಮಾರಾಯ್ರೆ?" ಇದಕ್ಕೆ ಉತ್ತರ ಇದೆ, ಬರೆದೇ ಇಟ್ಟಿದ್ದಾರೆ, ದುಡ್ಡೂ ಕೊಡಬೇಕಿಲ್ಲ. ಅದನ್ನು ಹುಡುಕಿ ಓದುವುದು ಹೇಗೆ, ನಮ್ಮ ಪ್ರಶ್ನೆಯನ್ನು ಅಲ್ಲಿಗೆ ಮುಟ್ಟಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಪ್ರಶ್ನೆಯ ಜಾತಿ ತಿಳಿದುಕೊಳ್ಳಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ. ಕೇಳಿದ ಸಂಸದರಿಗೆ ಅದರ ಮೇಲೆ ಉಪಪ್ರಶ್ನೆ ಕೇಳುವ ಅವಕಾಶವೂ ಉಂಟು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20. ಬೆಳಿಗ್ಗೆ 11ರಿಂದ 12ರವರೆಗಿನ ಒಂದು ಗಂಟೆಯಲ್ಲಿ ಕೆಲವೇ ಕೆಲವು ಬಾಯಿಮಾತಿಗೆ ಬರುತ್ತವೆ. ಉಳಿದವಕ್ಕೆ ಬರೆದ ಉತ್ತರವೇ ಗತಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ದಿನಕ್ಕೆ 230 ತನಕ. ಅವೆಲ್ಲ ಬರೀ ಲಿಖಿತ ಉತ್ತರ. ಟಿವಿಯಲ್ಲಿ ಕಾಣುವುದು ಚುಕ್ಕೆಯವು ಮಾತ್ರ. ಆದರೆ ಅಂಕಿ ಸಂಖ್ಯೆ ಬೇಕಿದ್ದರೆ ನೀವು ಹೋಗಬೇಕಾದದ್ದು ಚುಕ್ಕೆ ಇಲ್ಲದವುಗಳ ಕಡೆಗೆ. ಅಲ್ಲಿ ಗಲಾಟೆ ಇಲ್ಲ, ಕೋಷ್ಟಕಗಳಿವೆ.

ಸಂಸದ್ ಡಾಟ್ ಇನ್ (sansad.in) ಜಾಲತಾಣ ತೆರೆಯಿರಿ. ಯಾವ ಸದನ ಅಂತ ಆರಿಸಿ, ಪ್ರಶ್ನೆಗಳ ವಿಭಾಗಕ್ಕೆ ಹೋಗಿ, ಸಚಿವಾಲಯದ ಜಾಗದಲ್ಲಿ ಹಣಕಾಸು ಹಾಕಿ. ಉತ್ತರಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಹಾಳೆ ತೆರೆದ ಕೂಡಲೇ ತಲೆಬರಹ ನೋಡಿ. ಹಣಕಾಸು ಸಚಿವಾಲಯ ಅಂದರೆ ಒಂದೇ ಕಚೇರಿ ಅಲ್ಲ. ತೆರಿಗೆಗೆ ಕಂದಾಯ ಇಲಾಖೆ, ಖರ್ಚಿಗೆ ವೆಚ್ಚ ಇಲಾಖೆ, ಬ್ಯಾಂಕು ವಿಮೆಗೆ ಹಣಕಾಸು ಸೇವೆಗಳ ಇಲಾಖೆ, ಬಜೆಟ್ ಮತ್ತು ಸಾಲಕ್ಕೆ ಆರ್ಥಿಕ ವ್ಯವಹಾರಗಳ ಇಲಾಖೆ. ಉತ್ತರ ಯಾವ ಇಲಾಖೆಯಿಂದ ಬಂತು ಅನ್ನುವುದು ತಲೆಬರಹದಲ್ಲೇ ಇರುತ್ತದೆ. ಕೆಳಗಿನ ಹೆಸರೂ ನೋಡಿ. ಚುಕ್ಕೆ ಇಲ್ಲದ ಹೆಚ್ಚಿನ ಉತ್ತರಗಳಲ್ಲಿ ಖಾತೆಯ ರಾಜ್ಯ ಸಚಿವರ (ಕೇಂದ್ರದಲ್ಲೇ ಹಣಕಾಸು ಸಚಿವರ ಕೈಕೆಳಗಿನ ಸಚಿವರು) ಹೆಸರಿರುತ್ತದೆ. ಹಾಗಂತ ಆ ಉತ್ತರದ ತೂಕ ಕಡಿಮೆ ಅಲ್ಲ. ಅದೂ ಸರ್ಕಾರ ಸದನದ ಮುಂದೆ ಇಟ್ಟ ಮಾತೇ.

ಇನ್ನು ನಿಜವಾದ ಕೆಲಸ. ಉತ್ತರವನ್ನು ಮೊದಲು ಓದಬೇಡಿ, ಪ್ರಶ್ನೆಯನ್ನು ಓದಿ. ಪ್ರತಿ ಪ್ರಶ್ನೆಗೂ ಎ, ಬಿ, ಸಿ, ಡಿ ಅಂತ ಭಾಗಗಳಿರುತ್ತವೆ. ಅವನ್ನು ಒಂದು ಕಾಗದದ ಎಡಗಡೆ ಬರೆದುಕೊಳ್ಳಿ. ಆಮೇಲೆ ಉತ್ತರದಲ್ಲಿ ಯಾವ ಸಾಲು ಯಾವ ಭಾಗಕ್ಕೆ ಸೇರುತ್ತದೆ ಅಂತ ಬಲಗಡೆ ಗುರುತು ಹಾಕುತ್ತಾ ಹೋಗಿ. 'ಎಯಿಂದ ಡಿವರೆಗೆ' ಅಂತ ಎಲ್ಲ ಭಾಗಕ್ಕೂ ಒಂದೇ ಉತ್ತರ ಕೊಟ್ಟಿದ್ದರೆ ಪೆನ್ಸಿಲ್ ಇನ್ನಷ್ಟು ಚೂಪು ಮಾಡಿಕೊಳ್ಳಿ. ಮೂರು ಪ್ಯಾರಾ ಯೋಜನೆಗಳ ವಿವರಣೆ ಇರುತ್ತದೆ, ಓದಲು ಚೆನ್ನಾಗಿಯೂ ಇರುತ್ತದೆ, ಆದರೆ ಸಿ ಭಾಗದ 'ಎಷ್ಟು ಬಾಕಿ?' ಅನ್ನುವುದರ ಎದುರು ನಿಮ್ಮ ಕಾಗದ ಖಾಲಿ ಉಳಿದಿರುತ್ತದೆ. ಆ ಖಾಲಿ ಜಾಗವೇ ನೀವು ತಿಳಿಯಬೇಕಾದ ಸುದ್ದಿ. ಪತ್ರಿಕೆಯವರು ಸಾಮಾನ್ಯವಾಗಿ ತುಂಬಿದ ಜಾಗವನ್ನಷ್ಟೇ ವರದಿ ಮಾಡುತ್ತಾರೆ.

ಅಂಕಿಗಳಿಗೆ ಬಂದಾಗ ಎರಡು ಉದಾಹರಣೆ ಕೊಡುತ್ತೇನೆ. ಇವೆರಡು ಗಟ್ಟಿಯಾದರೆ ಅರ್ಧ ಕೆಲಸ ಮುಗಿಯಿತು.

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಪಾಲು ಕೊಡುತ್ತೀರಿ ಅಂತ ಯಾರಾದರೂ ಕೇಳಿದರೆ ಬರುವ ಉತ್ತರ 41 ಶೇಕಡಾ. ಇದು ಸುಳ್ಳಲ್ಲ. 15ನೇ ಹಣಕಾಸು ಆಯೋಗ ಹೇಳಿದ್ದು ಅದೇ. ಆದರೆ ಯಾವುದರ 41 ಶೇಕಡಾ? ಹಂಚಿಕೊಳ್ಳಬೇಕಾದ ನಿಧಿಯದ್ದು. ತೆರಿಗೆಯ ಜೊತೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್ಚಾರ್ಜ್ ಆ ನಿಧಿಗೆ ಸೇರುವುದೇ ಇಲ್ಲ, ಪೂರ್ತಿ ಕೇಂದ್ರದ್ದು. 2025-26ರ ಬಜೆಟ್ ಅಂದಾಜು ತೆಗೆದುಕೊಳ್ಳಿ. ಕೇಂದ್ರದ ಒಟ್ಟು ತೆರಿಗೆ ಸುಮಾರು 42.70 ಲಕ್ಷ ಕೋಟಿ ರೂಪಾಯಿ. ರಾಜ್ಯಗಳ ಪಾಲು ಸುಮಾರು 14.22 ಲಕ್ಷ ಕೋಟಿ. ಭಾಗಿಸಿ ನೋಡಿ, 33 ಶೇಕಡಾ ಚಿಲ್ಲರೆ ಬರುತ್ತದೆ. ನಾವು ಸ್ಕೂಟರಿಗೆ ಹಾಕಿಸುವ ಪೆಟ್ರೋಲ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 2025ರ ಏಪ್ರಿಲ್‌ನ ಏರಿಕೆಯ ನಂತರ ಲೀಟರಿಗೆ ಕೇಂದ್ರದ ಅಬಕಾರಿ ಸುಂಕ ಒಟ್ಟು 21 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಸೆಸ್, ಕೃಷಿ ಸೆಸ್. ಹೀಗಾಗಿ ಉತ್ತರದಲ್ಲಿ ಶೇಕಡಾ ಕಂಡಾಗೆಲ್ಲ 'ಯಾವುದರ?' ಅಂತ ಪಕ್ಕದಲ್ಲಿ ಬರೆಯಿರಿ. ಇಲ್ಲಿ ಇಬ್ಬರೂ ಸರಿ ಹೇಳುತ್ತಾರೆ, 41 ಅನ್ನುವ ಸಚಿವರೂ 33 ಅನ್ನುವ ವಿರೋಧ ಪಕ್ಷದವರೂ. ಪಾಯ ಬೇರೆ ಅಷ್ಟೇ.

ಎರಡನೆಯದು ಖರ್ಚಿನದ್ದು. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಲೆಕ್ಕ ಅಂತ ಮೂರು ಅಂಕಿಗಳಿರುತ್ತವೆ. ವರ್ಷದ ಶುರುವಿನಲ್ಲಿ ಇಟ್ಟುಕೊಂಡದ್ದು, ನಡುವೆ ತಿದ್ದಿದ್ದು, ಕೊನೆಗೆ ನಿಜವಾಗಿ ಆದದ್ದು. 2024-25ಕ್ಕೆ ಬಂಡವಾಳ ವೆಚ್ಚ (ರಸ್ತೆ, ರೈಲಿನಂಥ ಆಸ್ತಿ ಕಟ್ಟಲು ಮಾಡುವ ಖರ್ಚು) ಅಂತ ಮೊದಲು ಇಟ್ಟದ್ದು 11.11 ಲಕ್ಷ ಕೋಟಿ. ಪರಿಷ್ಕರಿಸಿದಾಗ ಅದು 10.18 ಲಕ್ಷ ಕೋಟಿಗೆ ಇಳಿಯಿತು. 2025-26ಕ್ಕೆ ಇಟ್ಟದ್ದು 11.21 ಲಕ್ಷ ಕೋಟಿ. ಈಗ ಹೆಚ್ಚಳ ಎಷ್ಟು? ಪರಿಷ್ಕೃತದ ಜೊತೆ ಹೋಲಿಸಿದರೆ 10 ಶೇಕಡಾ. ಮೊದಲಿನ ಬಜೆಟ್ ಜೊತೆ ಹೋಲಿಸಿದರೆ 1 ಶೇಕಡಾ ಕೂಡ ಇಲ್ಲ. ಉತ್ತರದಲ್ಲಿ 'ಗಣನೀಯ ಹೆಚ್ಚಳ' ಅಂತ ಇದ್ದರೆ ಯಾವ ಕಾಲಮ್ಮಿಂದ ಯಾವ ಕಾಲಮ್ಮಿಗೆ ಅಂತ ನೋಡದೆ ಮುಂದೆ ಹೋಗಬೇಡಿ. ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ಲೆಕ್ಕ ಒಪ್ಪಿಸುವಾಗ ನಾವು ನಿನ್ನೆಯ ನಿಜವಾದ ವ್ಯಾಪಾರವನ್ನೇ ಕೇಳುತ್ತೇವೆ, ನಿನ್ನೆ ಆಗಬಹುದು ಅಂದುಕೊಂಡದ್ದನ್ನಲ್ಲ. ಇಲ್ಲೂ ಹಾಗೇ. ಮೂರೂ ಬಗೆಯ ಅಂಕಿಗಳು ಬಜೆಟ್ ದಾಖಲೆಗಳಲ್ಲಿ ಇರುತ್ತವೆ. ಉತ್ತರದ ಹಾಳೆಯನ್ನು ಅದರ ಜೊತೆ ಇಟ್ಟುಕೊಂಡೇ ಓದಿ.

ಜಿಎಸ್‌ಟಿ ಬಗ್ಗೆ ಕೇಳಿದರೆ ಬರುವ ಸಿದ್ಧ ಉತ್ತರ ಒಂದಿದೆ: ದರಗಳು ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ ನಿಗದಿಯಾಗುತ್ತವೆ, ಮಂಡಳಿಯಲ್ಲಿ ಕೇಂದ್ರ ಮತ್ತು ರಾಜ್ಯಗಳ ಪ್ರತಿನಿಧಿಗಳಿದ್ದಾರೆ. ಮಾತು ನಿಜ. ಆದರೆ ಮಂಡಳಿಯ ಅಧ್ಯಕ್ಷರು ಕೇಂದ್ರದ ಹಣಕಾಸು ಸಚಿವರೇ. ತೀರ್ಮಾನಕ್ಕೆ ಮುಕ್ಕಾಲು ಭಾಗ ಮತ ಬೇಕು, ಮೂರನೇ ಒಂದು ಭಾಗ ಮತ ಕೇಂದ್ರದ ಕೈಯಲ್ಲಿದೆ. ಕೇಂದ್ರ ಒಪ್ಪದೆ ಅಲ್ಲಿ ಏನೂ ಪಾಸಾಗುವುದಿಲ್ಲ. ಸುಮ್ನೆ ದರದ ಬಗ್ಗೆ ಗೊಣಗಿದರೆ ಈ ಸಿದ್ಧ ಉತ್ತರ ಖಂಡಿತ ಬರುತ್ತದೆ. ಅದಕ್ಕೇ ಪ್ರಶ್ನೆಯನ್ನೇ ಬೇರೆ ರೀತಿ ಕಟ್ಟಬೇಕು.

ನಮ್ಮ ಹೋಟೆಲಿನವರ ಸಂಗತಿಯನ್ನೇ ನೋಡಿ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲಿನ ಊಟ ತಿಂಡಿಗೆ 5 ಶೇಕಡಾ ಜಿಎಸ್‌ಟಿ, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆ (ಹೂಡುವಳಿ ತೆರಿಗೆ) ವಾಪಸ್ ಸಿಗುವುದಿಲ್ಲ. 19 ಕಿಲೋದ ಕಮರ್ಷಿಯಲ್ ಸಿಲಿಂಡರಿಗೆ 18 ಶೇಕಡಾ. ಅದು ಪೂರ್ತಿ ಮಾಲೀಕರ ತಲೆ ಮೇಲೆ. ಮಾಟುಂಗಾದ ಭಟ್ಟರು ಇದರ ಬಗ್ಗೆ ಸಂಸದರಿಗೆ ಕೊಡಬೇಕು ಅಂತ ಬರೆದುಕೊಂಡು ಬಂದದ್ದು ಹೀಗಿತ್ತು: 'ಹೋಟೆಲ್ ಉದ್ಯಮದವರ ಕಷ್ಟ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಏನು ಕ್ರಮ?' ಕಷ್ಟ ನಿಜ, ಪ್ರಶ್ನೆ ಸಡಿಲ. ಇದಕ್ಕೆ ಹೌದು ಅಂತ ಒಂದು ಪ್ಯಾರಾ ಬರೆದು ಕೈ ತೊಳೆದುಕೊಳ್ಳಬಹುದು. ನಾವಿಬ್ಬರೂ ಕೂತು ಅದನ್ನು ತಿದ್ದಿದೆವು:

ಎ: ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಹೋಟೆಲ್ ಊಟದ ಸೇವೆಯಿಂದ ಬಂದ ಜಿಎಸ್‌ಟಿ ಎಷ್ಟು, ವರ್ಷವಾರು, ರಾಜ್ಯವಾರು.
ಬಿ: ಹೂಡುವಳಿ ತೆರಿಗೆ ವಾಪಸಾತಿ ಇರುವ ಇನ್ನೊಂದು ದರವನ್ನು ಆರಿಸಿಕೊಳ್ಳಲು ಬಿಡುವ ಪ್ರಸ್ತಾಪ ಜಿಎಸ್‌ಟಿ ಮಂಡಳಿಯ ಮುಂದೆ ಬಂದಿದೆಯೇ.
ಸಿ: ಬಂದಿದ್ದರೆ ಯಾವ ಸಭೆಯಲ್ಲಿ, ತೀರ್ಮಾನ ಏನು, ಬಂದಿಲ್ಲದಿದ್ದರೆ ಕಾರಣ ಏನು.

"ಇಷ್ಟೇ ಸಾಕಾ? ಬೈದ ಹಾಗೆಯೇ ಆಗ್ಲಿಲ್ಲ," ಅಂದರು ಭಟ್ಟರು. ಬೈಯುವುದು ಬೇಡ ಅಂದೆ. ಅಂಕಿ, ತಾರೀಕು, ಹೌದೋ ಅಲ್ಲವೋ ಇಷ್ಟು ಕೇಳಿದರೆ ಸಾಕು. 'ಇಂಥ ಮಾಹಿತಿಯನ್ನು ಪ್ರತ್ಯೇಕವಾಗಿ ಇಟ್ಟಿಲ್ಲ' ಅಂತ ಉತ್ತರ ಬಂದರೂ ಅದು ದೊಡ್ಡ ಉತ್ತರವೇ. ಲೆಕ್ಕವೇ ಇಟ್ಟಿಲ್ಲ ಅಂದ ಮೇಲೆ ಪರಿಣಾಮ ಅಳೆದದ್ದು ಹೇಗೆ ಅಂತ ಮುಂದಿನ ಅಧಿವೇಶನದಲ್ಲಿ ಕೇಳಬಹುದು.

ನಿಯಮಗಳನ್ನೂ ನೆನಪಿಡಿ. ಲೋಕಸಭೆಯಲ್ಲಿ ಇಡೀ ಪ್ರಶ್ನೆ 150 ಪದ ಮೀರಬಾರದು. ಅಭಿಪ್ರಾಯ ಕೇಳುವಂತಿಲ್ಲ. ಕೋರ್ಟಿನಲ್ಲಿರುವ ವಿಷಯ ಆಗುವುದಿಲ್ಲ. ಮಹಾನಗರಪಾಲಿಕೆಯ ಆಸ್ತಿ ತೆರಿಗೆ, ರಾಜ್ಯದ ಮದ್ಯದ ಸುಂಕ ಇಂಥವನ್ನು ದೆಹಲಿಗೆ ಕಳಿಸಿ ಪ್ರಯೋಜನ ಇಲ್ಲ. ಅವು ಮಹಾರಾಷ್ಟ್ರ ವಿಧಾನಸಭೆಯ ಬಾಬತ್ತು. ಉತ್ತರದ ದಿನಕ್ಕೆ ಕನಿಷ್ಠ 15 ದಿನ ಮುಂಚೆ ಸಂಸದರು ಪ್ರಶ್ನೆ ಸಲ್ಲಿಸಬೇಕು. ಹಾಗಾಗಿ ಅಧಿವೇಶನ ಶುರುವಾದ ಮೇಲೆ ಓಡುವುದಲ್ಲ, ದಿನಾಂಕ ಪ್ರಕಟವಾದ ವಾರವೇ ಸಂಸದರ ಕಚೇರಿಗೆ ಹೋಗಿ. ಆಪ್ತ ಸಹಾಯಕರ ಕೈಗೆ ಒಂದೇ ಹಾಳೆ ಕೊಡಿ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಟೈಪ್ ಮಾಡಿಸಿ, ಎ ಬಿ ಸಿ ಅಂತ ಭಾಗ ಮಾಡಿ. ಮನವಿ ಪತ್ರದ ಜೊತೆ ಬೆರೆಸಬೇಡಿ. ಮನವಿ ಫೈಲಿಗೆ ಹೋಗುತ್ತದೆ, ತಯಾರಾದ ಪ್ರಶ್ನೆ ನೇರ ಸಲ್ಲಿಕೆಗೆ ಹೋಗುತ್ತದೆ. ಬಂದ ಪ್ರಶ್ನೆಗಳಲ್ಲಿ ಚೀಟಿ ಎತ್ತಿ ಆರಿಸುತ್ತಾರೆ, ನಿಮ್ಮದು ಬರದೇ ಹೋಗಬಹುದು, ಅದಕ್ಕೆ ಇಬ್ಬರು ಮೂವರು ಸಂಸದರಿಗೆ ಕೊಟ್ಟರೆ ಒಳ್ಳೆಯದು. ಊರಿನ ಸಂಸದರನ್ನೂ ಮರೆಯಬೇಡಿ. ನಮ್ಮಲ್ಲಿ ಅರ್ಧ ಜನರ ಓಟು ಇನ್ನೂ ಉಡುಪಿ, ಕುಂದಾಪುರದ ಕಡೆ ಇದೆ ಅಲ್ವಾ.

ಇದರಿಂದೆಲ್ಲ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಮುಂದ್ರಾ ಪ್ರಕರಣ ಹೇಳುತ್ತೇನೆ. 1957ರಲ್ಲಿ ಎಲ್‌ಐಸಿ ಹಣದಿಂದ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರು ಕೊಂಡ ವಿಷಯ ಲೋಕಸಭೆಯ ಪ್ರಶ್ನೆಗಳಲ್ಲಿ ಮೊದಲು ಹೊರಬಂತು. ಮೊತ್ತ ಸುಮಾರು 1.24 ಕೋಟಿ ರೂಪಾಯಿ. ಸಂಸದ ಫಿರೋಜ್ ಗಾಂಧಿ ಬಿಡದೆ ಬೆನ್ನು ಹತ್ತಿದರು, ಅದೂ ಆಡಳಿತ ಪಕ್ಷದಲ್ಲೇ ಇದ್ದುಕೊಂಡು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಇದೇ ಮುಂಬೈಯಲ್ಲಿ ಜನರ ಎದುರೇ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಕೊನೆಯದಾಗಿ, ಉತ್ತರ ಬಂದ ಮೇಲಿನ ಕೆಲಸ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಅಂತ ಬಂದಿದ್ದರೆ ನಿರಾಶೆ ಬೇಡ. ಅದನ್ನು ಸರ್ಕಾರದ ಭರವಸೆ ಅಂತ ಪರಿಗಣಿಸುತ್ತಾರೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ನೋಡಿಕೊಳ್ಳಲು ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ ಮತ್ತು ತಾರೀಕು ಬರೆದಿಟ್ಟುಕೊಂಡು ಮೂರು ತಿಂಗಳಾದ ಮೇಲೆ ಸಂಸದರ ಕಚೇರಿಗೆ ಫೋನ್ ಮಾಡಿ. ಉತ್ತರ ಬಂದೂ ವಿಷಯ ಸ್ಪಷ್ಟವಾಗದಿದ್ದರೆ ಅದೇ ಉತ್ತರದ ಮೇಲೆ ಅರ್ಧ ಗಂಟೆಯ ಚರ್ಚೆಗೆ ಸಂಸದರು ನೋಟಿಸ್ ಕೊಡಬಹುದು. ಆಗ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಬರೆದ ನಿಮ್ಮ ಆ ಕಾಗದವನ್ನೇ ಅವರ ಕೈಗೆ ಕೊಡಿ.